ಇಂಗ್ಲಿಷಿನ ರೆ, ನಮ್ಮ ರೆ

ಇಪ್ಪತ್ತೆಂಟು ವರ್ಷ ಅಂಕೋಲೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ನನಗೆ ಆರ್ ಮತ್ತು ಇ ಎಂಬ ಎರಡು ಅಕ್ಷರಗಳ ಅರ್ಥ ಗೊತ್ತಿರಲಿಲ್ಲ ಎಂದರೆ ನೀವು ನಗಬಹುದು. ನಗಿ. ಪೆನ್ಶನ್ ನಿಲ್ಲಿಸಬೇಡಿ, ಅಷ್ಟೇ.

ಪದದ ತಲೆಗೆ 'ರೆ' ಬಂದರೆ 'ಮತ್ತೆ' ಎಂದರ್ಥ ಎಂದು ಹಲಗೆಯ ಮೇಲೆ ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಇಂಗ್ಲಿಷರು ಅದನ್ನು ರಿ ಎನ್ನಲಿ, ನನ್ನ ಕಾರವಾರದ ನಾಲಗೆಗೆ ಅದು ರೆ. ಒಮ್ಮೆ ಬೇಲೆಕೇರಿಯ ಹುಡುಗಿಯೊಬ್ಬಳು, ಕಾರವಾರದಲ್ಲಿ ಒಂದು ಪೋರ್ಟ್ ಇದೆ, ನಮ್ಮೂರಲ್ಲಿ ಮತ್ತೊಂದು, ಆದ್ದರಿಂದ ನಮ್ಮೂರು ರೆಪೋರ್ಟ್ ಎಂದು ಬರೆದಿದ್ದಳು. ಸೊನ್ನೆ ಕೊಟ್ಟೆ. ಆ ಸೊನ್ನೆ ನನಗೇ ಸಲ್ಲಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ನಿವೃತ್ತನಾದ ಮೇಲೆ ನನಗೆ ಸಿಕ್ಕಿದ ಒಬ್ಬನೇ ವಿದ್ಯಾರ್ಥಿ ಪಾಂಡು ಕಾಕಾ. ವಯಸ್ಸಿನಲ್ಲಿ ನನ್ನ ಓರಗೆಯವನು, ಊರಿಗೆಲ್ಲ ಕಾಕಾ. ತೋಡೂರಿನ ಕಡೆಯ ಮೀನುಗಾರ. ನೌಕಾನೆಲೆಗೆ ಅವನ ಕೇರಿ, ದಂಡೆ ಎರಡೂ ಹೋದವು. ಬದಲಿಗೆ ಮನೆ ಕಟ್ಟಲು ಜಾಗ ಸಿಕ್ಕಿದ್ದು ಹೆದ್ದಾರಿಯಾಚೆ, ನನ್ನ ಮನೆಯ ಪಕ್ಕ. ಅಲ್ಲಿಗೆ ದೋಣಿಯನ್ನೂ ಲಾರಿಯಲ್ಲಿ ತಂದ. ಅದು ಹಿತ್ತಿಲಲ್ಲಿ ತೆಂಗಿನ ಗರಿ ಹೊದ್ದು ಮಲಗಿದೆ, ಹಲಗೆಗಳು ಒಣಗಿ ಬಾಯಿ ಬಿಟ್ಟಿವೆ. ದೋಣಿ ಎಳೆದಿಡಲು ಯಾವುದಾದರೂ ದಂಡೆಯಲ್ಲಿ ನಾಲ್ಕು ಮಾರು ಜಾಗ ಕೊಡಿ ಎಂಬುದು ಅವನ ಬೇಡಿಕೆ. ಸರ್ಕಾರಕ್ಕೆ ಅರ್ಜಿ ನಾನು ಬರೆದೆ. ಇಂಗ್ಲಿಷಿನಲ್ಲಿ ಬರೆದರೆ ತೂಕ ಹೆಚ್ಚು ಎಂಬ ಜಂಬವೂ ನನ್ನದೇ.

ಉತ್ತರ ಬಂತು: ರೆಸೀವ್ಡ್. ಆಮೇಲೆ ರೆಫರ್ಡ್. ನಾವು ರೆಮೈಂಡರ್ ಕಳಿಸಿದೆವು, ಅವರು ರೆವ್ಯೂ ಎಂದರು. ತಲುಪಿದೆ, ಇನ್ನೊಬ್ಬರಿಗೆ ಕಳಿಸಿದ್ದಾರೆ, ಮತ್ತೆ ನೋಡುತ್ತಾರೆ ಎಂದು ಪ್ರತಿ ಸಲ ಅರ್ಥ ಹೇಳಿದೆ. ಕಾಕಾನಿಗೆ ಅರ್ಥಕ್ಕಿಂತ ಆ ಮೊದಲ ಸದ್ದೇ ಹಿಡಿಸಿತು. ಅವನ ಮನೆಮಾತು ಕೊಂಕಣಿ. ಅದರಲ್ಲಿ 'ಯೋ ರೆ' ಎಂದರೆ ಬಾರೋ ಎಂದು ಸಲಿಗೆಯಿಂದ ಕರೆದಂತೆ.

"ನಾವು ಬಾಲಕ್ಕೆ ಹಚ್ಚೂದನ್ನ ಅವ್ರು ತಲೆಗೆ ಹಚ್ತ್ರು ಮಾಸ್ತರ್ರೆ, ಅಷ್ಟೇಯ. ನಮ್ಮನ್ನ ಕರೀತ್ರು," ಎಂದವನು ಗರಿ ಸರಿಸಿ ದೋಣಿಗೆ ಎಣ್ಣೆ ಹಚ್ಚತೊಡಗಿದ. ನಾನು ತಿದ್ದಲಿಲ್ಲ.

ಕಳೆದ ವಾರದ ಕಾಗದದಲ್ಲಿ ರೆಗ್ರೆಟ್ ಎಂದಿತ್ತು. ಜಾಗವಿಲ್ಲ, ಇನ್ನು ಬರೆಯಬೇಡಿ. ಹೇಳಲು ಧೈರ್ಯ ಸಾಲದೆ ದಪ್ಪ ನಿಘಂಟು ತೆಗೆದು ಕೂತೆ. ಹೇಡಿ ಮಾಸ್ತರನಿಗೆ ಪಾಂಡಿತ್ಯ ಒಳ್ಳೆಯ ಮರೆ. ಆ ಪದದ ಬೇರಿನಲ್ಲಿ ಅಳು ಇದ್ದೀತಂತೆ, ಸತ್ತವರನ್ನು ನೆನೆದು ಮತ್ತೆ ಅಳುವುದು. ಮೊದಲ ಸಲ ಅತ್ತವರು ಯಾರೆಂದು ನಿಘಂಟಿನಲ್ಲಿಲ್ಲ. ದೋಣಿ ಲಾರಿಯಿಂದ ಇಳಿದ ದಿನ ನಾನು ಬೇಲಿಯ ಈಚೆ ನಿಂತು ಕಾಕಾನನ್ನು ನೋಡಿದ್ದೇನೆ.

ಕೊನೆಗೆ ಹೋಗಿ, ಜಾಗ ಕೊಡುವುದಿಲ್ಲವಂತೆ, ಅವರಿಗೂ ಬೇಜಾರಾಗಿದೆಯಂತೆ ಎಂದೆ.

ಕಾಕಾ ಎಣ್ಣೆಯ ಕೈ ಒರೆಸಿಕೊಂಡ. "ಅದ್ರಲ್ಲೂ ರೆ ಅದ್ಯೆ?"

ಇದೆ ಎಂದೆ.

"ಹಂಗಾರೆ ಕರ್ದದ್ದು ಹೌದು," ಎಂದು ಗರಿಗಳನ್ನು ದೋಣಿಯ ಮೇಲೆ ಎಳೆದ. "ಕರ್ದೇ ಹೋಗು ಅಂದ್ರು, ಅಲ್ವೆ?"

ಇಪ್ಪತ್ತೆಂಟು ವರ್ಷದಲ್ಲಿ ಆ ಪದಗಳಿಗೆ ಇಷ್ಟು ಸರಿಯಾದ ಅರ್ಥವನ್ನು ಯಾವ ವಿದ್ಯಾರ್ಥಿಯೂ ಹೇಳಿರಲಿಲ್ಲ. ಮನಸ್ಸಿನಲ್ಲೇ ಪೂರ್ತಿ ಅಂಕ ಕೊಟ್ಟೆ. ಕೊಡಲು ನನ್ನಲ್ಲಿದ್ದದ್ದೂ ಅಷ್ಟೇ.