ಅದಲುಬದಲಾದ ಎರಡು ಫೋಟೋಗಳು

ಒದ್ದೆ ಮಣ್ಣು ಒಣಗುವಾಗ ಬಿರುಕು ಎಲ್ಲೆಲ್ಲಿ ಬೀಳುತ್ತದೆ? ಈ ಪ್ರಶ್ನೆ ನಿಮ್ಮ ನಿದ್ದೆ ಕೆಡಿಸಿರಲಿಕ್ಕಿಲ್ಲ. ನಮ್ಮ ವಿಜ್ಞಾನಿಯ ನಿದ್ದೆ, ತಲೆಗೂದಲು, ಮದುವೆಯ ಮಾತುಕತೆ ಎಲ್ಲವನ್ನೂ ಅದು ನುಂಗಿ ನೀರು ಕುಡಿದಿತ್ತು. ಸಂಶೋಧನಾಲಯದಲ್ಲಿ ಅವರ ಬಿರುದು ಬಿರುಕು ಮೇಷ್ಟ್ರು.

ಅವರ ಸಾಮ್ರಾಜ್ಯ ನೆಲಮಾಳಿಗೆಯ ಒಂದು ಕೋಣೆ. ಉದ್ದನೆಯ ಮೇಜು, ಮೇಜಿನ ಮೇಲೆ ಗಾಜಿನ ತಟ್ಟೆಗಳು, ತಟ್ಟೆಗಳ ತುಂಬ ಕೆಸರು. ಫ್ಯಾನ್ ಹಾಕುವಂತಿಲ್ಲ, ಕೆಸರಿಗೆ ಗಾಳಿ ತಾಗುತ್ತದೆ. ಯಾರಾದರೂ ದಡದಡ ನಡೆದರೆ ತಟ್ಟೆ ನಡುಗುತ್ತದೆ, ಹಾಗಾಗಿ ಯಾರೂ ಬರುವಂತಿಲ್ಲ. ಬರಬೇಕೆಂದು ಯಾರೂ ಸಾಲುಗಟ್ಟಿ ನಿಂತಿರಲೂ ಇಲ್ಲ ಅನ್ನಿ.

ಈ ತಪಸ್ಸಿಗೆ ಒಲಿದು ಬಂದ ವರವೇ ಆ ಲೇಖನ. ಅದರ ಸಾರ ಇಷ್ಟೇ: ಕೆಸರು ದಪ್ಪವಿದ್ದರೆ ಬಿರುಕುಗಳು ದೂರ ದೂರ, ತೆಳುವಿದ್ದರೆ ಹತ್ತಿರ ಹತ್ತಿರ. ಪತ್ರಿಕೆಯವರು ಅಚ್ಚು ಹಾಕುವಾಗ ಎರಡು ಫೋಟೋಗಳನ್ನು ಅದಲುಬದಲು ಮಾಡಿಬಿಟ್ಟರು. ಬರಹ ಏರಿಗೆ ಎಳೆದರೆ ಚಿತ್ರ ನೀರಿಗೆ ಎಳೆಯಿತು. ಮೇಷ್ಟ್ರು ಫೋನಿನಲ್ಲಿ ಗೋಗರೆದರು.

“ಓದಿದವರು ಯಾರಾದ್ರೂ ತಕರಾರು ಎತ್ತಲಿ ಸಾರ್, ತಿದ್ದುಪಡಿ ಹಾಕೋಣ,” ಎಂದರು ಸಂಪಾದಕರು.

ಮೇಷ್ಟ್ರು ಕಾದರು. ತಕರಾರು ಬರಲಿಲ್ಲ. ಕೀರ್ತಿ ಬಂತು.

ಮೊದಲು ರಸ್ತೆ ಎಂಜಿನಿಯರುಗಳು ತಮ್ಮ ಲೇಖನಗಳಲ್ಲಿ ಅವರನ್ನು ಉಲ್ಲೇಖಿಸಿದರು. ಆಮೇಲೆ ಹಳೆಯ ವರ್ಣಚಿತ್ರಗಳನ್ನು ದುರಸ್ತಿ ಮಾಡುವವರು. ಆಮೇಲೆ ಹಲ್ಲಿನ ಡಾಕ್ಟರುಗಳು. ಕೊನೆಗೆ ಬಿಸ್ಕತ್ತಿನ ತಜ್ಞರೂ ಶರಣಾಗತರಾದರು. ಕೋಣೆ ಬಿಟ್ಟು ಕದಲದೆ ಇಷ್ಟು ದೇಶ ಗೆದ್ದ ಚಕ್ರವರ್ತಿ ಇನ್ನೊಬ್ಬನಿಲ್ಲ. ನಿರ್ದೇಶಕರು ಸನ್ಮಾನ ಗೊತ್ತುಮಾಡಿದರು.

“ಸನ್ಮಾನವಂತೆ? ಇನ್ನಾದ್ರೂ ಮುಖ ಊದಿಸ್ಕೊಂಡಿರೋದು ಬಿಡೋ,” ಎಂದಳು ಫೋನಿನಲ್ಲಿ ಅಕ್ಕ.

“ಒಬ್ಬರೂ ಓದಿಲ್ಲ ಕಣೇ ಅಕ್ಕ.”

“ಓದದೇನೇ ಹೆಸರು ಹಾಕ್ತಾರಾ?”

“ಮೊದಲನೇ ಪುಣ್ಯಾತ್ಮ ಪುಟದ ಸಂಖ್ಯೆ ತಪ್ಪು ಬರೆದ. ಉಳಿದವರೆಲ್ಲ ಅದನ್ನೇ ನಕಲು ಹೊಡೆದಿದಾರೆ. ಆ ಪುಟ ತೆಗೆದ್ರೆ ಮೀನು ಹೇಗೆ ಉಸಿರಾಡುತ್ತೆ ಅಂತ ಇದೆ!”

“ನಮ್ಮತ್ತೆ ನನ್ನ ಅಡುಗೆ ಹೊಟ್ಟೆ ತುಂಬ ತಿಂದೂ ಹೊಗಳಲಿಲ್ಲ. ನಿನ್ನನ್ನ ರುಚಿ ನೋಡದೇನೇ ಹೊಗಳ್ತಿದಾರೆ. ನೀನೇ ವಾಸಿ, ಸುಮ್ನಿರು.”

ಮೇಷ್ಟ್ರಿಗೆ ಸುಮ್ಮನಿರಲಾಗಲಿಲ್ಲ. ಅವರಿಗೆ ಬೇಕಿದ್ದದ್ದು ಆ ಫೋಟೋಗಳ ಬಗ್ಗೆ ಕೇಳುವ ಒಂದೇ ಒಂದು ಜೀವ. ಅದಕ್ಕೆ ಕೊಡಬೇಕಾದ ಉತ್ತರವನ್ನು ಎಷ್ಟೋ ಸಂಜೆ ಒಬ್ಬರೇ ಬ್ರೆಡ್ಡು ತಿನ್ನುತ್ತ, ಎದುರಿನ ಖಾಲಿ ಕುರ್ಚಿಗೆ ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡಿದ್ದರು.

ಸನ್ಮಾನದ ದಿನ ಅವರೊಂದು ಕಿತಾಪತಿ ಮಾಡಿದರು. ಲೇಖನದ ಪುಟಗಳನ್ನು ದೊಡ್ಡದು ಮಾಡಿಸಿ, ತಪ್ಪು ಫೋಟೋಗಳ ಸಮೇತ ಸಭಾಂಗಣದ ಗೋಡೆಗೆ ಅಂಟಿಸಿ, ಬೇಟೆಗಾರನ ಹಾಗೆ ಪಕ್ಕದಲ್ಲಿ ನಿಂತರು. ಎಂಜಿನಿಯರು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಂಡರು. ಹಲ್ಲಿನ ಡಾಕ್ಟರು ಹಲ್ಲು ಬಿಟ್ಟು ತೆಗೆಸಿಕೊಂಡರು. ಬಿಸ್ಕತ್ತಿನವರು “ಅದ್ಭುತ ಫೋಟೋಗಳು ಸಾರ್!” ಎಂದು ಬೆನ್ನು ತಟ್ಟಿ ಕಾಫಿಯತ್ತ ನಡೆದರು. ಸಭಾಂಗಣ ಬರಿದಾಯಿತು.

ಆಗ, ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಗೋಡೆಯ ಬಳಿ ಬಂದು ಕನ್ನಡಕ ಏರಿಸಿದರು.

“ಈ ಕೆಸರಿನವರು ನೀವೇನಾ?”

“ಹೌದು.”

“ಫೋಟೋಗಳು ಅದಲುಬದಲಾಗಿವೆಯೋ, ಇಲ್ಲ ನೀವೇ ಸುಳ್ಳು ಬರೆದಿದೀರೋ?”

ಬಾಯಿಪಾಠದ ಉತ್ತರ ಕೈಕೊಟ್ಟಿತು. “ತಾವು?” ಎಂದಷ್ಟೇ ತೊದಲಿದರು ಮೇಷ್ಟ್ರು.

“ಚರ್ಮದ ಡಾಕ್ಟರು. ಒಣ ಚರ್ಮ ಹೇಗೆ ಬಿರಿಯುತ್ತೆ ಅಂತ ನೋಡ್ತೀನಿ.”

“ನನ್ನನ್ನ ಉಲ್ಲೇಖಿಸಿದವರಲ್ಲಿ ಚರ್ಮದವರು ಯಾರೂ ಇಲ್ಲವಲ್ಲ!”

“ಎಲ್ಲಿಂದ ಇರ್ತಾರೆ? ನಾನು ಓದಿದೆನಲ್ಲ. ಬರಹಕ್ಕೂ ಚಿತ್ರಕ್ಕೂ ತಾಳೆ ಬೀಳಲಿಲ್ಲ, ನನ್ನ ಲೇಖನದಿಂದ ನಿಮ್ಮ ಹೆಸರು ಹೊಡೆದುಹಾಕಿದೆ. ನಿಮ್ಮ ದೆಸೆಯಿಂದ ಎಲ್ಲಾ ಮೊದಲಿಂದ ಶುರು ಮಾಡಬೇಕಾಯ್ತು ನಾನು.”

ಅಂದಿನ ಭಾಷಣಗಳಲ್ಲಿ ಮೇಷ್ಟ್ರ ಕಣ್ಣು ತೇವವಾದದ್ದು ಇದೊಂದಕ್ಕೆ.

ಯಾರನ್ನೂ ಬಿಡದ ನೆಲಮಾಳಿಗೆಗೆ ಅವರನ್ನು ಕರೆದೊಯ್ದರು. ಡಾಕ್ಟರಮ್ಮ ದಡದಡ ಇಳಿದರು. ತಟ್ಟೆಗಳು ನಡುಗಿದವು, ಒಂದರಲ್ಲಿ ಬೀಳಬಾರದ ಕಡೆ ಬಿರುಕು ಬಿತ್ತು. ಮೇಷ್ಟ್ರು ಚಹಾ ಕಾಯಿಸಿ ಕೊಟ್ಟರು. ಚಹಾ ತಣ್ಣಗಾಗುವ ತನಕ ಇಬ್ಬರೂ ಜಗಳವಾಡಿದರು.

“ಸಂಪಾದಕರಿಗೆ ಇವತ್ತೇ ದೂರು ಕೊಡ್ತೀನಿ, ಸುಮ್ನೆ ಬಿಡೋಳಲ್ಲ ನಾನು,” ಎಂದು ಎದ್ದರು ಡಾಕ್ಟರಮ್ಮ.

“ಸ್ವಲ್ಪ ಖಾರವಾಗೇ ಕೊಡಿ ತಾಯಿ,” ಎಂದು ಮೇಷ್ಟ್ರು ಕೈಮುಗಿದರು.

ಆಕೆ ಬಸ್ಸು ಹಿಡಿಯಲು ಹೋದ ಮೇಲೆ ಮೆಟ್ಟಿಲು ಮತ್ತೆ ಮೌನವಾಯಿತು. ನಿಯಮದ ಪ್ರಕಾರ ಕೆಟ್ಟ ತಟ್ಟೆಯನ್ನು ಎಸೆಯಬೇಕಿತ್ತು. ಮೇಷ್ಟ್ರು ಅದನ್ನು ಮೇಜಿನ ನಡುಮಧ್ಯೆ ಇಟ್ಟು, ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ಎತ್ತಲಿಲ್ಲ.

“ನಮ್ಮ ಮೇಲೆ ದೂರು ಬಿದ್ದಿದೆ ಕಣ್ರೋ!” ಎಂಬ ಶುಭವಾರ್ತೆ ಮೊದಲು ಕೆಸರಿಗೇ ಮುಟ್ಟಿತು.