ಅಳುವ ರೈಫಲ್

ಮಾವ ತಂದಿದ್ದ ಪುಟ್ಟ ಪುಸ್ತಕದಲ್ಲಿ ನಡುಗುತ್ತ ಅಳುತ್ತಿದ್ದ ರೈಫಲ್‌ನ ಕಾರ್ಟೂನ್ ನೋಡಿ ಜೋರಾಗಿ ನಕ್ಕುಬಿಟ್ಟೆ. "ಇದೇನ್ ಮಾವ, ಮಿಲಿಟರೀಲಿ ಕಾಮಿಕ್ಸ್ ಕೊಡ್ತಾರಾ? ನಮ್ಮ ಕಾನ್ವೆಂಟಲ್ಲಾದ್ರೆ ಸಿಸ್ಟರ್ ಕಿತ್ಕೊಳ್ತಾರೆ!"

ಅರವತ್ತರ ದಶಕದ ಮಾತು. ಶಿಡ್ಲಘಟ್ಟಕ್ಕೆ ರಜೆಗೆ ಬಂದಿದ್ದ ಸೋದರಮಾವ ಮುಂದಿನ ವಾರ ಹಿಮದ ಗಡಿಗೆ ಹೊರಡುವವರಿದ್ದರು. ಅವರಿಗೆ ಇಂಗ್ಲಿಷ್ ಬಾರದು.

"ನಗಬೇಡ ಕಣಮ್ಮ, ಬಂದೂಕ ನೋಡ್ಕೊಳ್ಳೋದನ್ನ ಬೊಂಬೇಲಿ ಹೇಳ್ಕೊಡ್ತಾರೆ. ಇದು ಇನ್ನಷ್ಟು ಎಣ್ಣೆ ಹಾಕು ಅಂತ ಅಳ್ತೈತೆ, ಅಲ್ವಾ?"

ಚಿತ್ರದ ಕೆಳಗಿನ ಇಂಗ್ಲಿಷ್ ಸಾಲು ಓದಿದೆ. ನನ್ನ ನಗು ನಿಂತಿತು. ಹಿಮದ ಚಳಿಗೆ ಎಣ್ಣೆ ಹೆಪ್ಪುಗಟ್ಟಿದರೆ ಗುಂಡು ಹಾರದು, ಒರೆಸಿ ತೆಗೆ ಎಂದಿತ್ತು. ಅಂದೇ ಕೂತು ಎಲ್ಲ ಚಿತ್ರಗಳ ಕೆಳಗೂ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಟ್ಟೆ.

ಮಾವ ಕ್ಷೇಮವಾಗಿ ಮರಳಿದರು. ಈಗ ಅವರಿಲ್ಲ, ಪುಸ್ತಕ ನನ್ನ ಬಳಿ ಇದೆ. ನನ್ನ ಕನ್ನಡದ ಸಾಲುಗಳ ಮೇಲೆ ಎಣ್ಣೆಬೆರಳಿನ ಗುರುತುಗಳು, ಮಾವ ಒಬ್ಬರವಲ್ಲ, ಜೊತೆಗಿದ್ದ ಎಷ್ಟೋ ಸಿಪಾಯಿಗಳವು. ಅವರೆಲ್ಲ ಮನೆ ಸೇರಿದರೇ? ಐ ಸ್ಟಿಲ್ ವಂಡರ್.