ವಡಾಲದ ಪ್ರಾರ್ಥನೆಗೆ ಒಂದು ಕೇಕು

ಬೆಳಿಗ್ಗೆ ನೀರು ಹಿಡಿದಿಟ್ಟೆ, ಬಟ್ಟೆ ಒಣಹಾಕಿದೆ, ಮೀನಿನವಳಿಗೆ ಇವತ್ತು ಬೇಡ ಎಂದೆ, ಯಜಮಾನರಿಗೆ ಅನ್ನ-ಸಾರು ಮುಚ್ಚಿಟ್ಟೆ, ಗ್ಯಾಸ್ ಬಂದ್ ಮಾಡಿದೆನೋ ಎಂದು ಮತ್ತೊಮ್ಮೆ ನೋಡಿದೆ. ಮಧ್ಯಾಹ್ನ ಕಾಂದಿವಲಿಯಿಂದ ಹೊರಟೆ. ವಡಾಲದಲ್ಲಿ ಅಕ್ಕ ಸುಲೋಚನಾಳ ಮನೆ. ಮರುದಿನ ಭಾವನನ್ನು ಹೃದಯದ ಆಪರೇಷನ್ನಿಗೆ ಆಸ್ಪತ್ರೆಗೆ ಸೇರಿಸಬೇಕಿತ್ತು. ಅದಕ್ಕಾಗಿ ಸಂಜೆ ಮನೆಯಲ್ಲೇ ಪ್ರಾರ್ಥನೆ.

ಸ್ಟೇಷನ್ನಿಗೆ ರಿಕ್ಷಾ ಮೂವತ್ತು ರೂಪಾಯಿ. ಅಂಧೇರಿಯಲ್ಲಿ ಇಳಿದು ಹಾರ್ಬರ್ ಲೈನಿನ ಲೋಕಲ್ ಹಿಡಿದೆ. ಮಳೆ ಇಲ್ಲ, ಬರೀ ಸೆಕೆ. ಎದುರು ಕೂತ ಹೆಂಗಸು ನನ್ನ ಚೀಲದಿಂದ ಇಣುಕುತ್ತಿದ್ದ ಬೈಬಲನ್ನೇ ನೋಡುತ್ತಿದ್ದಳೋ, ನನಗೇ ಹಾಗನಿಸಿತೋ. ಮೇಲೆ ಟವೆಲು ಹೊದಿಸಿದೆ. ಚುನಾವಣೆ ಕಳೆದ ಮೇಲೆ ಇಂಥ ಅಭ್ಯಾಸಗಳು ಬಂದಿವೆ.

ಅಕ್ಕ ಬಾಗಿಲು ತೆರೆದವಳೇ, "ಚಪ್ಪಲಿ ಒಳಗೆ ತಾ ಮಾರಾಯ್ತಿ. ಹೊರಗೆ ಬಿಟ್ಟರೆ ಎಷ್ಟು ಜನ ಅಂತ ಲೆಕ್ಕ ಸಿಗ್ತದೆ" ಎಂದಳು. ಬಚ್ಚಲಲ್ಲಿ ಆಗಲೇ ಚಪ್ಪಲಿಗಳ ರಾಶಿ. ಹತ್ತಿರದ ಕಾಲೊನಿಯಲ್ಲಿ ಹೀಗೇ ಪ್ರಾರ್ಥನೆಗೆ ಕೂತವರನ್ನು ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡಿ, ಮತಾಂತರ ಎಂದು ಗಲಾಟೆ ಎಬ್ಬಿಸಿದ್ದರಂತೆ. ನಮ್ಮವರೊಳಗೂ ಎರಡು ಪಕ್ಷದವರಿದ್ದರು; ರಾಜಕೀಯ ಎತ್ತಬಾರದೆಂದು ಅಕ್ಕ ಮೊದಲೇ ಹೇಳಿಟ್ಟಿದ್ದಳು. ಕಿಟಕಿ ಮುಚ್ಚಿತ್ತು. ಮೇಜಿನ ಮೇಲೆ ಕೇಕು.

"ಇದೆಂತಕ್ಕೆ?"

"ಯಾರಾದರೂ ಬಂದರೆ ಬರ್ತ್‌ಡೇ ಅಂತ ಹೇಳ್ಲಿಕ್ಕೆ."

"ಯಾರದ್ದು ಅಂತ ಕೇಳಿದರೆ?" ಎಂದರು ಭಾವ, ಕುರ್ಚಿಯಿಂದಲೇ.

"ನಿಮ್ಮದೇ. ಸುಮ್ಮನೆ ಕೂತ್ಕೊಳ್ಳಿ."

ಪಿಸುದನಿಯಲ್ಲಿ ಹಾಡಿದೆವು. ಎರಡನೆಯ ಚರಣಕ್ಕೆ ಬೆಲ್ ಆಯಿತು. ಎದುರುಮನೆಯ ಸಾವಂತ್, ಕೈಯಲ್ಲಿ ಮೊಬೈಲು. ಅವನ ಕಣ್ಣು ಕೋಣೆಯನ್ನೆಲ್ಲ ಸುತ್ತಿ ಬಂತು. ಅಕ್ಕ ಬರ್ತ್‌ಡೇ ಎಂದಳು. ನಾನೇ ಓಡಿ ಚಾಕು ತಂದೆ. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಸಾವಂತ್ ಒಂದು ತುಂಡು ತೆಗೆದುಕೊಂಡು, ಭಾವನ ಕೈ ಕುಲುಕಿ, ಎಷ್ಟು ವರ್ಷ ತುಂಬಿತು ಅಂಕಲ್ ಎಂದು ಹಿಂದಿಯಲ್ಲಿ ಕೇಳಿದ.

ಭಾವ ಅವನ ಕೈ ಬಿಡಲಿಲ್ಲ. ತಮ್ಮ ಹರುಕುಮುರುಕು ಹಿಂದಿಯಲ್ಲೇ ಹೇಳಿದರು: "ಬರ್ತ್‌ಡೇ ಅಲ್ಲ. ನಾಳೆ ಆಸ್ಪತ್ರೆಗೆ ಸೇರಬೇಕು, ಎದೆಯ ಆಪರೇಷನ್. ಇವರು ಪ್ರಾರ್ಥನೆಗೆ ಬಂದದ್ದು. ವಾಪಸ್ ಬರ್ತೇನೋ ಇಲ್ಲವೋ, ಸುಳ್ಳು ಹೇಳಿ ಹೋಗಲಿಕ್ಕೆ ಮನಸ್ಸಿಲ್ಲ. ಕೂರುವುದಾದರೆ ಕೂರು. ಯಾರನ್ನಾದರೂ ಕರೆಯುವುದಾದರೆ ಕರೆ."

ಸಾವಂತ್ ಕೇಕು ಹಿಡಿದೇ ನಿಂತ. "ಠೀಕ್ ಹೈ, ಅಂಕಲ್" ಎಂದು ಹೊರಟ. ಅವನ ಬಾಗಿಲು ತೆರೆದ ಸದ್ದು ಬರಲಿಲ್ಲ, ಲಿಫ್ಟ್ ಕೆಳಗಿಳಿಯಿತು. ಅಕ್ಕ ನನ್ನ ಮುಖ ನೋಡಿದಳು.

"ಈಗ ಬಾಯಿ ಬಿಟ್ಟು ಹಾಡಿ" ಎಂದರು ಭಾವ. "ನನಗೋಸ್ಕರ ಪ್ರಾರ್ಥನೆ ಮಾಡ್ಲಿಕ್ಕೆ ಬಂದು ನನಗೇ ಕೇಳದಿದ್ದರೆ ಹೇಗೆ?"

ಹಾಡಿದೆವು. ಕಣ್ಣು ಮುಚ್ಚಿದರೂ ನನ್ನ ಕಿವಿ ಬಾಗಿಲಲ್ಲೇ. ಯಾರೂ ಬರಲಿಲ್ಲ. ಆದರೆ ಬಂದವರನ್ನು ಕಳಿಸಲು ಕೆಳಗಿಳಿದಾಗ ಸಾವಂತ್ ಗೇಟಿನ ಬಳಿ ಕಟ್ಟಡದ ಸೊಸೈಟಿಯ ಸೆಕ್ರೆಟರಿಯ ಜೊತೆ ನಿಂತಿದ್ದ. ನಮ್ಮನ್ನು ಕಂಡು ಇಬ್ಬರೂ ಮಾತು ನಿಲ್ಲಿಸಿದರು.

ರಾತ್ರಿ ನಾನು ಅಲ್ಲೇ ಉಳಿದೆ. ಊಟಕ್ಕೆ ಗಂಜಿ, ತೊಂಡೆಕಾಯಿ ಪಲ್ಯ. ನನಗೂ ಅಕ್ಕನಿಗೂ ಸೇರಲಿಲ್ಲ. ಭಾವ ಮತ್ತೆ ಹಾಕಿಸಿಕೊಂಡರು. ನಾವಿಬ್ಬರೂ ಮೆಟ್ಟಿಲ ಮೇಲಿನ ಪ್ರತಿ ಹೆಜ್ಜೆಗೂ ಕಿವಿಗೊಟ್ಟು ಮಲಗಿದ್ದೆವು. ಮೊದಲು ನಿದ್ದೆ ಹೋದವರು ಭಾವ. ಅವರ ಗೊರಕೆ ಎದುರುಮನೆಗೂ ಕೇಳುವಷ್ಟಿತ್ತು.